ಹೆಸರು ಟೈಪ್ ಮಾಡುವ ಮುನ್ನ

ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನಾವೆಲ್ಲ ಒಂದು ಮಾತು ಕೇಳಿಯೇ ಇರುತ್ತೇವೆ: "ನಿಮಗೆ ಟ್ಯಾಲಿ ಸಾಕಲ್ಲ, ಪೈಥಾನ್ ಯಾಕೆ?" ಮೊದಮೊದಲು ನನಗೂ ಹಾಗೇ ಅನ್ನಿಸುತ್ತಿತ್ತು. ವೇರಿಯೇಬಲ್, ಅಸೈನ್‌ಮೆಂಟ್, ಇನ್‌ಪುಟ್ ಈ ಮೂರನ್ನೂ ಬಾಯಿಪಾಠ ಮಾಡಿ ರೆಕಾರ್ಡ್ ಬರೆದರೆ ಮುಗಿಯಿತು ಎಂದುಕೊಂಡಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಈ ಮೂರು ಪಾಠ ನಮಗೆ ಮೊದಲೇ ಅರ್ಥವಾಗಿದ್ದರೆ ಅಕ್ಕನ ಒಂದು ವರ್ಷದ ವಿದ್ಯಾರ್ಥಿವೇತನ ಕೈತಪ್ಪುತ್ತಿರಲಿಲ್ಲ.

ವೇರಿಯೇಬಲ್ ಎಂದರೆ ಹೆಸರು ಬರೆದಿಟ್ಟ ಡಬ್ಬಿ ಇದ್ದ ಹಾಗೆ. ಅದರೊಳಗೆ ಒಂದು ಬೆಲೆ ಇಡುವುದೇ ಅಸೈನ್‌ಮೆಂಟ್. ಮಿರ್ಲೆಯವರಿಗೆ ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ತಾಲ್ಲೂಕು. 'ತಾಲ್ಲೂಕು' ಎಂಬ ಡಬ್ಬಿಯಲ್ಲಿ ಮೊದಲು 'ಕೆ.ಆರ್. ನಗರ' ಇತ್ತು, ಈಗ 'ಸಾಲಿಗ್ರಾಮ' ಇದೆ. ಪ್ರೋಗ್ರಾಂನಲ್ಲಿ ಹೊಸದನ್ನು ಇಟ್ಟ ತಕ್ಷಣ ಹಳೆಯದು ಹೋಗುತ್ತದೆ. ಕಾಗದ ಪತ್ರದಲ್ಲಿ ಹಾಗಲ್ಲ. ಒಂದು ಕಾರ್ಡಿನಲ್ಲಿ ಹಳೆಯದೇ ಉಳಿದಿರುತ್ತದೆ, ಇನ್ನೊಂದರಲ್ಲಿ ಹೊಸದು ಬಂದಿರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ.

'ಬಾಕಿ = ಬಾಕಿ + 500' ಎಂದು ಬರೆದರೆ ಗಣಿತದವರು ತಪ್ಪು ಎನ್ನುತ್ತಾರೆ. ನಮಗೆ ಅದು ಹೊಸದೇನಲ್ಲ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹಳೆಯ ಬಾಕಿಗೆ 500 ಸೇರಿಸಿ ಹೊಸ ಬಾಕಿ ಬರೆಯುವುದೂ ಇದೇ ತಾನೆ? ಇಲ್ಲಿ = ಎಂದರೆ 'ಸಮ' ಅಲ್ಲ. ಬಲಗಡೆಯದನ್ನು ಲೆಕ್ಕ ಮಾಡಿ ಎಡಗಡೆಯ ಡಬ್ಬಿಗೆ ಹಾಕು ಎಂದು ಅರ್ಥ. ಇದು ಕಾಮರ್ಸ್ ವಿದ್ಯಾರ್ಥಿಗೆ ಬೇಗ ಹಿಡಿಯುತ್ತದೆ.

ಕಷ್ಟ ಇರುವುದು ಇನ್‌ಪುಟ್‌ನಲ್ಲಿ. ಪೈಥಾನ್‌ನಲ್ಲಿ ಇನ್‌ಪುಟ್ ಮೂಲಕ ಬಂದದ್ದೆಲ್ಲ ಮೊದಲು ಬರೀ ಅಕ್ಷರಗಳ ಸಾಲು, ಅಂದರೆ ಸ್ಟ್ರಿಂಗ್. 500 ಮತ್ತು 250 ಟೈಪ್ ಮಾಡಿ ಹಾಗೇ ಕೂಡಿಸಿದರೆ 750 ಬರುವುದಿಲ್ಲ, 500250 ಬರುತ್ತದೆ. ಲ್ಯಾಬ್‌ನಲ್ಲಿ ಇದನ್ನು ನೋಡಿ ನಾವು ನಕ್ಕಿದ್ದೆವು. 'ಇಂಟ್' ಬಳಸಿ ಅದನ್ನು ಸಂಖ್ಯೆ ಮಾಡಬೇಕು. ಹಾಗಂತ ಅಂಕಿ ಕಂಡದ್ದನ್ನೆಲ್ಲ ಸಂಖ್ಯೆ ಮಾಡಲೂಬಾರದು. ಸೊನ್ನೆಯಿಂದ ಶುರುವಾಗುವ ಬ್ಯಾಂಕ್ ಖಾತೆ ನಂಬರನ್ನು 'ಇಂಟ್' ಮಾಡಿದರೆ ಮುಂದಿನ ಸೊನ್ನೆಗಳು ಹೋಗಿಬಿಡುತ್ತವೆ. ಖಾತೆಯಲ್ಲಿರುವ ಹಣ ಕೂಡಿ ಕಳೆಯುವ ಸಂಖ್ಯೆ. ಖಾತೆ ನಂಬರ್ ಹಾಗಲ್ಲ, ಅದು ಖಾತೆಯ ಹೆಸರು.

ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದಿತು. ಇನ್‌ಪುಟ್ ಕೇಳಿದಾಗ 40 ಎಂದು ಒತ್ತಿದರೂ, ಕನ್ನಡ ಅಂಕಿಯಲ್ಲಿ ೪೦ ಎಂದು ಒತ್ತಿದರೂ, ಮನೆಯಲ್ಲಿ ಅಮ್ಮಿ ಬರೆಯುವ ಉರ್ದು ಅಂಕಿಯಲ್ಲಿ ಒತ್ತಿದರೂ, ಪೈಥಾನ್ 3ರ 'ಇಂಟ್' ಮೂರನ್ನೂ ಒಂದೇ ನಲವತ್ತು ಮಾಡುತ್ತದೆ. ಅಂಕಿಗೆ ಬೆಲೆ ಇದೆ, ಲಿಪಿ ಯಾವುದಾದರೂ ಸರಿ. ಹೆಸರಿಗೆ ಆ ಭಾಗ್ಯ ಇಲ್ಲ. ಹೆಸರಿನಲ್ಲಿ ಒಂದು ಅಕ್ಷರ, ಒಂದು ಖಾಲಿ ಜಾಗ, ಚಿಕ್ಕದು ದೊಡ್ಡದು ಬೇರೆಯಾದರೂ ಕಂಪ್ಯೂಟರ್‌ಗೆ ಅದು ಬೇರೆಯೇ.

ನಮ್ಮ ಹೆಸರುಗಳನ್ನೇ ನೋಡಿ. ಇಂಗ್ಲಿಷಿನಲ್ಲಿ ಮೊಹಮ್ಮದ್ ಎಂದು ಬರೆಯುವಾಗ ಒಬ್ಬರು 'ಒ' ಹಾಕುತ್ತಾರೆ, ಒಬ್ಬರು 'ಯು' ಹಾಕುತ್ತಾರೆ, ಇನ್ನೊಬ್ಬರು 'ಎಂ.ಡಿ.' ಎಂದು ಬರೆದು ಮುಗಿಸುತ್ತಾರೆ. ಫಾತಿಮಾದ ಕೊನೆಗೆ ಒಬ್ಬರಿಗೆ 'ಎಚ್' ಬೇಕು, ಒಬ್ಬರಿಗೆ ಬೇಡ. ಮನೆಯಲ್ಲಿ ಕೂಗುವಾಗ ಎಲ್ಲವೂ ಒಂದೇ.

ಅಕ್ಕನಿಗೆ ಆದದ್ದು ಇದೇ. ಅವಳ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ 'ಎಚ್' ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಅಬ್ಬಾ ಅವಳನ್ನು ಅರ್ಜಿ ತುಂಬುವ ಒಂದು ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿಯವರು "ಹೆಸರೇನಮ್ಮ?" ಎಂದು ಕೇಳಿ, ಕಿವಿಗೆ ಬಿದ್ದಂತೆ ಮೂರನೆಯದೇ ಒಂದು ರೀತಿಯಲ್ಲಿ ಟೈಪ್ ಮಾಡಿದರು. ಯಾರೂ ತಿರುಗಿ ಓದಲಿಲ್ಲ. ಹೆಸರು ಹೊಂದುತ್ತಿಲ್ಲ ಎಂದು ಅರ್ಜಿ ತಿರಸ್ಕಾರವಾಯಿತು. ಅಬ್ಬಾ ಕೂಲಿ ಬಿಟ್ಟು ಮೂರು ಸಲ ಓಡಾಡಿದರು. ತಿದ್ದುಪಡಿ ಆಗುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿತ್ತು.

ತಪ್ಪು ಯಾರದು? ಟೈಪ್ ಮಾಡಿದವರದು ಮಾತ್ರ ಎಂದು ನಾನು ಹೇಳುವುದಿಲ್ಲ. ಅಂಕಪಟ್ಟಿ ನಮ್ಮ ಕೈಯಲ್ಲೇ ಇತ್ತು, ನಾವು ತೋರಿಸಲಿಲ್ಲ. ಪ್ರೋಗ್ರಾಂ ಬರೆಯುವವರಿಗೂ ಜವಾಬ್ದಾರಿ ಇದೆ. ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯುವುದು, ಅಕ್ಷರಗಳನ್ನೆಲ್ಲ ಚಿಕ್ಕದು ಮಾಡಿ ಹೋಲಿಸುವುದು ಪೈಥಾನ್‌ನಲ್ಲಿ ಒಂದೊಂದು ಪದದ ಕೆಲಸ. "ನೀವು ಕೊಟ್ಟದ್ದು ಇದು, ಸರಿಯೇ?" ಎಂದು ತೋರಿಸಿ ಕೇಳುವುದೂ ಕಷ್ಟವಲ್ಲ. ಆದರೆ ಆ 'ಎಚ್' ಇರಬೇಕೋ ಬೇಡವೋ ಎಂಬುದು ಪ್ರೋಗ್ರಾಂಗೆ ತಾನಾಗಿ ತಿಳಿಯುವುದಿಲ್ಲ. ಅದು ಹೆಸರಿನವರಿಗೇ ಗೊತ್ತು.

ಒಂಬತ್ತನೇ ಶತಮಾನದಲ್ಲಿ ಬಾಗ್ದಾದ್‌ನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿಯವರ ಹೆಸರು ಲ್ಯಾಟಿನ್‌ಗೆ ಹೋಗುವಾಗ 'ಅಲ್ಗೊರಿಟ್ಮಿ' ಆಯಿತು. ನಾವು ಓದುವ 'ಅಲ್ಗಾರಿದಂ' ಎಂಬ ಪದ ಹುಟ್ಟಿದ್ದು ಅದರಿಂದ. ಅವರ ಹೆಸರು ಬದಲಾಗಿ ಜಗತ್ತಿಗೆ ಒಂದು ಪದ ಸಿಕ್ಕಿತು. ನಮ್ಮ ಹೆಸರು ಬದಲಾದರೆ ಸಿಗುವುದು ತಿರಸ್ಕಾರದ ಸಂದೇಶ ಮಾತ್ರ.

ಆದ್ದರಿಂದ ಉಪನ್ಯಾಸಕರಲ್ಲಿ ಮತ್ತು ಸ್ನೇಹಿತರಲ್ಲಿ ನನ್ನ ಎರಡು ಕೋರಿಕೆಗಳಿವೆ. ಒಂದು, ಲ್ಯಾಬ್‌ನಲ್ಲಿ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಆದ ಮೇಲೆ, ತನ್ನ ಹೆಸರನ್ನು ಎರಡು ಸಲ ಇನ್‌ಪುಟ್ ತೆಗೆದುಕೊಂಡು ಹೋಲಿಸುವ ಪ್ರೋಗ್ರಾಂ ಮಾಡಿಸಿ. ಮೊದಲ ಸಲ ಅಂಕಪಟ್ಟಿ ನೋಡಿ, ಎರಡನೇ ಸಲ ಆಧಾರ್ ನೋಡಿ. ಐದು ಸಾಲು ಸಾಕು. ಎರಡು, ವಿದ್ಯಾರ್ಥಿವೇತನದ ಅರ್ಜಿ ಶುರುವಾಗುವ ಮೊದಲು ಒಂದು ಶನಿವಾರ ಲ್ಯಾಬ್ ತೆರೆದಿಡಿ. ನಾವು ಕಾಮರ್ಸ್‌ನವರು ಕುಳಿತು ಪ್ರಥಮ ಪಿಯುಸಿಯವರ ದಾಖಲೆಗಳನ್ನು ಅವರ ಜೊತೆ ಅಕ್ಷರ ಅಕ್ಷರ ಓದುತ್ತೇವೆ. ವ್ಯತ್ಯಾಸ ಇದ್ದರೆ ತಿದ್ದಿಸಲು ಆಗ ಸಮಯ ಇರುತ್ತದೆ.

ಪೈಥಾನ್ ಯಾಕೆ ಎಂದು ಕೇಳುವವರು ಆ ಶನಿವಾರ ತಮ್ಮ ಅಂಕಪಟ್ಟಿ ಮತ್ತು ಆಧಾರ್ ತೆಗೆದುಕೊಂಡು ಬನ್ನಿ.