ಹೇಳಿದಷ್ಟೇ ಮಾಡುವ ಭಾಷೆ

ಪಾಠಶಾಲೆಗೆ ಕಾಲಿಟ್ಟ ಮಗು ಮೊದಮೊದಲು ಕಲಿಯುವ ಗುರುತುಗಳಲ್ಲಿ ಸಮಚಿಹ್ನೆಯೂ ಒಂದು. ಎರಡು ಅಡ್ಡಗೀಟುಗಳು; ಎಡಕ್ಕಿರುವುದೂ ಬಲಕ್ಕಿರುವುದೂ ಒಂದೇ ಎಂಬುದು ಅದರ ಅರ್ಥ. ಈ ಅರ್ಥವನ್ನೇ ನಂಬಿ ದೊಡ್ಡವನಾದ ಮನುಷ್ಯನು ಕಂಪ್ಯೂಟರಿನ 'ಸಿ' ಭಾಷೆಯನ್ನು ಕಲಿಯಹೊರಟನೆಂದರೆ, ಅವನು ಮೊದಲು ಮರೆಯಬೇಕಾದುದು ಇದನ್ನೇ.

ಕನ್ನಡದ ಹೆಸರಿಟ್ಟು ಹೇಳುವುದಾದರೆ, ಆ ಭಾಷೆಯಲ್ಲಿ 'ವಯಸ್ಸು = 18' ಎಂದು ಬರೆದರೆ ವಯಸ್ಸು ಹದಿನೆಂಟಕ್ಕೆ ಸಮವೆಂದು ಅರ್ಥವಲ್ಲ. ವಯಸ್ಸು ಎಂಬ ಹೆಸರಿನ ಡಬ್ಬಿಯಲ್ಲಿ ಏನಿದ್ದರೂ ಅದನ್ನು ಚೆಲ್ಲಿ 18ನ್ನು ತುಂಬು ಎಂಬ ಆಜ್ಞೆ ಅದು. ಸಮವೇ ಎಂದು ಕೇಳಬೇಕಾದರೆ ಚಿಹ್ನೆಯನ್ನು ಎರಡು ಸಲ ಬರೆಯಬೇಕು: 'ವಯಸ್ಸು == 18'. ಬರೆಯುವವನು ಆತುರದಲ್ಲಿ ಒಂದನ್ನು ಬಿಟ್ಟನೆನ್ನೋಣ. ಬರೆದುದನ್ನೆಲ್ಲ ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸಿಕೊಡುವ ಕಂಪೈಲರ್ ಎಂಬ ದುಭಾಷಿಯು, ಭಾಷೆಯ ನಿಯಮದಂತೆ, ಇದನ್ನು ತಪ್ಪೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ 'ಸಿ'ಯಲ್ಲಿ ತುಂಬುವ ಕ್ರಿಯೆಗೂ ಒಂದು ಬೆಲೆಯುಂಟು. ತುಂಬಿದ ಸಂಖ್ಯೆಯೇ ಆ ಬೆಲೆ. ಮತ್ತು ಸೊನ್ನೆಯಲ್ಲದ ಯಾವ ಸಂಖ್ಯೆಯಾದರೂ ಅಲ್ಲಿ 'ಹೌದು' ಎಂದೇ ಲೆಕ್ಕ. ಪರಿಣಾಮವೇನೆಂದರೆ, ತೊಟ್ಟಿಲ ಕೂಸಿನಿಂದ ಹಿಡಿದು ತೊಂಬತ್ತರ ಮುದುಕರವರೆಗೆ ಪರೀಕ್ಷೆಗೆ ಬಂದವರೆಲ್ಲರೂ ತತ್‌ಕ್ಷಣ ಹದಿನೆಂಟರ ಪ್ರಾಯಕ್ಕೆ ತಿರುಗಿಬಿಡುತ್ತಾರೆ! ಇಂಗಿತವರಿಯದೆ ಹೇಳಿದ್ದನ್ನು ಅಕ್ಷರಶಃ ನಡೆಸಿ ಯಜಮಾನನನ್ನು ಪೇಚಿಗೆ ಸಿಕ್ಕಿಸುವ ಆಳಿನ ಕಥೆಗಳು ಅಜ್ಜಿಯರ ಬಾಯಲ್ಲಿ ಬೇಕಾದಷ್ಟಿವೆ. ಈ ಭಾಷೆಯು ಅಂಥ ಆಳು.

ಹೀಗೇಕೆ ಮಾಡಿದರು? ಅಮೆರಿಕದ ನ್ಯೂಜೆರ್ಸಿ ಪ್ರಾಂತ್ಯದ ಮರೇ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಶಾಲೆಯಲ್ಲಿ 1969ರ ಸುಮಾರಿಗೆ ಕೆನ್ ಥಾಂಪ್ಸನ್ ಎಂಬವರಿಗೆ ದೊರೆತಿದ್ದ ಕಂಪ್ಯೂಟರು ತೀರ ಚಿಕ್ಕದು. ಅದರ ಸ್ಮರಣೆಯಲ್ಲಿ ಎಂಟು ಸಾವಿರ ಚಿಲ್ಲರೆ ಪದಗಳಿಗಷ್ಟೇ ಸ್ಥಳ. ಇಂಗ್ಲೆಂಡಿನ ಮಾರ್ಟಿನ್ ರಿಚರ್ಡ್ಸ್ ರೂಪಿಸಿದ್ದ 'ಬಿಸಿಪಿಎಲ್' ಎಂಬ ಭಾಷೆಯನ್ನು ಆ ಇಕ್ಕಟ್ಟಿನಲ್ಲಿ ಹಿಡಿಸುವಂತೆ ಹಿಂಡಿ, ಅವರು 'ಬಿ' ಎಂಬ ಭಾಷೆಯನ್ನು ಮಾಡಿದರು. ಮೂಲದಲ್ಲಿ ತುಂಬುವುದಕ್ಕೆ ':=' ಎಂದೂ ಹೋಲಿಸುವುದಕ್ಕೆ '=' ಎಂದೂ ಇತ್ತು. ಆದರೆ ಪ್ರೋಗ್ರಾಮುಗಳಲ್ಲಿ ಹೋಲಿಸುವುದಕ್ಕಿಂತ ತುಂಬುವ ಕೆಲಸವೇ ಹೆಚ್ಚು. ಹೆಚ್ಚು ಬಳಸುವುದಕ್ಕೆ ಚಿಕ್ಕ ಗುರುತಿರಲಿ ಎಂಬುದು ಈ ಪಂಗಡದವರ ವಾದ. ಕೈಯಿಂದಲೇ ಕೀಲಿಗಳನ್ನು ಕುಟ್ಟಿ ಬರೆಯುತ್ತಿದ್ದವರಿಗೆ ಅದು ಉಳಿತಾಯವೇ ಸರಿ. ಡೆನಿಸ್ ರಿಚಿಯವರು 'ಬಿ'ಯನ್ನು ಬೆಳೆಸಿ 1972ರ ಹೊತ್ತಿಗೆ 'ಸಿ'ಯನ್ನು ರೂಪಿಸಿದಾಗ ಈ ಮಿತವ್ಯಯವೂ ಆಸ್ತಿಯೊಡನೆ ಬಂದಿತು.

ಉಳಿಸಿದ ಆ ಒಂದು ಗುರುತಿನ ಬೆಲೆಯನ್ನು 2003ರ ನವೆಂಬರಿನಲ್ಲಿ ಜಗತ್ತು ತೆರುವುದರಲ್ಲಿತ್ತು. ಅಸಂಖ್ಯಾತ ಕಂಪ್ಯೂಟರುಗಳನ್ನು ನಡೆಸುವ 'ಲಿನಕ್ಸ್' ವ್ಯವಸ್ಥೆಯ ತಿರುಳು 'ಸಿ'ಯಲ್ಲಿ ಬರೆದುದು. ಅದರ ಒಂದು ನಕಲಿನೊಳಕ್ಕೆ ಯಾರೋ ಎರಡು ಸಾಲುಗಳನ್ನು ಗುಟ್ಟಾಗಿ ಸೇರಿಸಿದ್ದರು. ಓದಿದವರಿಗೆ ಅದೊಂದು ಕಾವಲಿನ ಮಾತು: ಕೇಳುತ್ತಿರುವವನ ಸಂಖ್ಯೆ ಸೊನ್ನೆಯೇ ಎಂದು ವಿಚಾರಿಸುವಂತೆ ತೋರುತ್ತಿತ್ತು. ಆ ವ್ಯವಸ್ಥೆಯಲ್ಲಿ ಸೊನ್ನೆಯೆಂಬುದು ಸರ್ವಾಧಿಕಾರಿಯ ಸಂಖ್ಯೆ. ಆದರೆ ಅಲ್ಲಿದ್ದುದು ಎರಡು ಸಮಚಿಹ್ನೆಗಳಲ್ಲ, ಒಂದೇ! ಅಪರೂಪದ ಒಂದು ಸಂಕೇತದೊಡನೆ ಬಾಗಿಲು ತಟ್ಟಿದ ಯಾವನನ್ನಾದರೂ ಆ ಸಾಲು ವಿಚಾರಿಸದೆ ಸರ್ವಾಧಿಕಾರಿಯನ್ನಾಗಿ ಮಾಡಿಬಿಡುತ್ತಿತ್ತು. ಅಸಲು ಪ್ರತಿಯ ದಾಖಲೆಯಲ್ಲಿ ಇಲ್ಲದ ತಿದ್ದುಪಡಿ ನಕಲಿನಲ್ಲಿದೆಯೆಂದು ಗೊತ್ತಾದುದರಿಂದ ಕಳ್ಳತನವು ಹೊರಬಿದ್ದಿತು. ಬರಿಯ ಕಣ್ಣಿಗೆ ಸಿಕ್ಕುತ್ತಿತ್ತೋ ಇಲ್ಲವೋ, ಹೇಳುವುದು ಕಷ್ಟ.

ಪಳಗಿದವರಲ್ಲಿ ಕೆಲವರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಅವರು 'ವಯಸ್ಸು == 18' ಎಂದು ಬರೆಯದೆ '18 == ವಯಸ್ಸು' ಎಂದು ತಿರುವುಮುರುವಾಗಿ ಬರೆಯುತ್ತಾರೆ. ಒಂದು ಚಿಹ್ನೆ ಬಿಟ್ಟುಹೋದರೆ, 18 ಎಂಬುದು ಡಬ್ಬಿಯಲ್ಲವಾದ ಕಾರಣ ಅದರೊಳಗೆ ಏನನ್ನೂ ತುಂಬಲಾಗದೆ ಕಂಪೈಲರು ಕೂಗಿಕೊಳ್ಳುತ್ತದೆ. ಇನ್ನು ಕೆಲವರಿಗೆ ಈ ತಲೆಕೆಳಗಿನ ಓದು ಹಿಡಿಸುವುದಿಲ್ಲ. ಅವರು ಕಂಪೈಲರಿನ ಎಚ್ಚರಿಕೆಗಳನ್ನೆಲ್ಲ ತೆರೆದಿಟ್ಟು, ಅದು ಗೊಣಗಿದಾಗಲೆಲ್ಲ ನಿಂತು ನೋಡುತ್ತಾರೆ. ಎರಡನೆಯವರ ದಾರಿಯೇ ವಿವೇಕದ್ದೆಂದು ತೋರುತ್ತದೆ.

ಇನ್ನೊಂದು ವಿಚಿತ್ರವು ಇದಕ್ಕಿಂತ ಸ್ವಾರಸ್ಯವಾದುದು. ಸಂಖ್ಯೆಯೊಂದನ್ನು ಸಾಲುದೀಪಗಳಂತೆ ಭಾವಿಸಿ, ಯಾವ ದೀಪ ಉರಿಯುತ್ತಿದೆ ಎಂದು ನೋಡಲು '&' ಎಂಬ ಗುರುತಿದೆ. 4 ಎಂದರೆ ಮೂರನೆಯ ದೀಪ. ಅದು ಉರಿಯುತ್ತಿದೆಯೇ ಎಂದು ಕೇಳಲು ಹೊಸಬನು 'ದೀಪಗಳು & 4 == 4' ಎಂದು ಬರೆಯುತ್ತಾನೆ. ಕೂಡುವುದಕ್ಕಿಂತ ಮೊದಲು ಗುಣಿಸಬೇಕೆಂದು ಶಾಲೆಯಲ್ಲಿ ನಿಯಮವಿರುವಂತೆ, 'ಸಿ'ಯಲ್ಲಿ '&'ಗಿಂತ ಮೊದಲು '=='ನ ಸರದಿ. ನಾಲ್ಕು ನಾಲ್ಕಕ್ಕೆ ಸಮವೇ? ಹೌದು, ಹೌದೆಂದರೆ 1. ಕೊನೆಗೆ ಯಂತ್ರವು ನೋಡುವುದು ಮೊದಲನೆಯ ದೀಪವನ್ನು! ಆವರಣ ಹಾಕಿ '(ದೀಪಗಳು & 4) == 4' ಎಂದು ಬರೆದರೆ ಮಾತ್ರ ಪಾರು.

ಇದಕ್ಕೂ ಕಾರಣ ಹಳೆಯದು. 'ಬಿ'ಯಲ್ಲಿ 'ಇದೂ ನಿಜ, ಅದೂ ನಿಜ' ಎಂದು ಜೋಡಿಸುವುದಕ್ಕೂ '&' ಒಂದೇ ಗುರುತಾಗಿತ್ತು; ಆ ಕೆಲಸಕ್ಕೆ ಹಿಂದಿನ ಸರದಿಯೇ ತಕ್ಕದ್ದು. ಮುಂದೆ ಜೋಡಿಸುವುದಕ್ಕಾಗಿ '&&' ಎಂಬ ಬೇರೆ ಗುರುತು ಬಂದಿತು. ಆಗ ಹಳೆಯದರ ಸರದಿಯನ್ನು ಮೇಲಕ್ಕೇರಿಸಬಹುದಿತ್ತು. ಆದರೆ ಬರೆದಿಟ್ಟ ಪ್ರೋಗ್ರಾಮುಗಳು ಕೆಡುತ್ತವೆಂದು ಅಂಜಿ ಸುಮ್ಮನಾದರು. ಹಾಗೆ ಕೆಡಬಹುದಾಗಿದ್ದುದು ಕೆಲವು ನೂರು ಕಿಲೋಬೈಟುಗಳಷ್ಟು ಬರವಣಿಗೆ, ಯಂತ್ರಗಳು ಮೂರೇ ಮೂರು ಎಂದು ರಿಚಿಯವರೇ 1982ರಲ್ಲಿ ನೆನೆದಿದ್ದಾರೆ. ಒಮ್ಮೆ ತಿಥಿಯ ದಿನ ಕಾಟ ಕೊಡುತ್ತಿದ್ದ ಬೆಕ್ಕನ್ನು ಅಜ್ಜಿ ಬುಟ್ಟಿಯಡಿ ಮುಚ್ಚಿದಳೆಂದು, ಮೊಮ್ಮಕ್ಕಳು ತಿಥಿಗಾಗಿಯೇ ಬೆಕ್ಕನ್ನು ಹುಡುಕಿಕೊಂಡು ಹೊರಟ ಕಥೆ ವಾಚಕರಿಗೆ ಗೊತ್ತಿರುವುದೇ. ಜಾವಾ ಮೊದಲಾದ ಎಷ್ಟೋ ಭಾಷೆಗಳು ಇಂದಿಗೂ ಈ ಬೆಕ್ಕನ್ನು ಕಟ್ಟುತ್ತಿವೆ.

ಬೆಲ್ ಪ್ರಯೋಗಶಾಲೆಯ ಒಡೆಯರಾದ ಏಟಿ ಅಂಡ್ ಟಿ ದೂರವಾಣಿ ಸಂಸ್ಥೆಯೇ ತನ್ನ ಮನೆಯಲ್ಲಿ ಹುಟ್ಟಿದ ಭಾಷೆಯಿಂದ 1990ರ ಜನವರಿ 15ರಂದು ಪೆಟ್ಟು ತಿಂದಿತು. 'ಸಿ'ಯಲ್ಲಿ ಹಲವು ಸಂದರ್ಭಗಳಲ್ಲಿ ಒಂದನ್ನು ಆರಿಸುವ ರಚನೆಗೆ 'ಸ್ವಿಚ್' ಎಂದೂ, ಅದರಿಂದ ಹೊರಬೀಳುವ ಆಜ್ಞೆಗೆ 'ಬ್ರೇಕ್' ಎಂದೂ ಹೆಸರು. 'ಆದರೆ–ಹೋದರೆ' ಎನ್ನುವ 'ಇಫ್' ರಚನೆಯೊಳಗೆ ಬ್ರೇಕನ್ನು ಬರೆದರೆ ಅದು ಇಫ್‌ನಿಂದಲ್ಲ, ಸುತ್ತಲಿರುವ ಇಡೀ ಸ್ವಿಚ್ಚಿನಿಂದಲೇ ಹೊರಗೆ ಒಯ್ಯುತ್ತದೆ. ವಿನಿಮಯ ಕೇಂದ್ರಗಳ ಹೊಸ ಪ್ರೋಗ್ರಾಮಿನಲ್ಲಿ ಇಂಥದೊಂದು ಬ್ರೇಕ್ ತಪ್ಪು ಸ್ಥಳದಲ್ಲಿತ್ತು. ನ್ಯೂಯಾರ್ಕಿನ ಕೇಂದ್ರವೊಂದು ಚಿಕ್ಕ ತೊಂದರೆಯಿಂದ ಚೇತರಿಸಿಕೊಂಡು ನೆರೆಯವಕ್ಕೆ ಸುದ್ದಿ ಕಳಿಸಿತು. ಬೆನ್ನಲ್ಲೇ ಎರಡನೆಯ ಸುದ್ದಿ ಬಂದಾಗ ನೆರೆಯ ಕೇಂದ್ರಗಳು ಗೊಂದಲಗೊಂಡು ತಾವೇ ನಿಂತು ಮತ್ತೆ ಆರಂಭವಾದವು. ಅವು ಕಳಿಸಿದ ಸುದ್ದಿಯಿಂದ ಇನ್ನಷ್ಟು ಕೆಟ್ಟವು. ಒಟ್ಟು 114 ಕೇಂದ್ರಗಳಿಗೆ ಈ ಜಾಡ್ಯ ಹಬ್ಬಿ, ಸುಮಾರು ಒಂಬತ್ತು ಗಂಟೆಗಳ ಕಾಲ ದೂರದೂರುಗಳ ಕರೆಗಳು ಅಸ್ತವ್ಯಸ್ತವಾದವು.

ಥಾಂಪ್ಸನ್ನರು ಇಬ್ಬರು ಸಂಗಡಿಗರೊಡನೆ ರೂಪಿಸಿದ 'ಗೋ' ಎಂಬ ಭಾಷೆಯು 2009ರಲ್ಲಿ ಬೆಳಕಿಗೆ ಬಂದಿತು. ಅದರಲ್ಲಿ ತುಂಬುವ ಆಜ್ಞೆಗೆ ಬೆಲೆಯಿಲ್ಲವಾದುದರಿಂದ ಅದನ್ನು ಪ್ರಶ್ನೆಯ ಸ್ಥಳದಲ್ಲಿ ಕೂರಿಸಲಾಗದು. '&'ನ ಸರದಿಯು ಕೊನೆಗೂ '=='ಗಿಂತ ಮೇಲಕ್ಕೇರಿತು. ಇಫ್ ಒಳಗಿನ ಬ್ರೇಕ್ ಮಾತ್ರ ಅಲ್ಲಿಯೂ ಸ್ವಿಚ್ಚಿನಿಂದಲೇ ಹೊರಗೆ ಕರೆದೊಯ್ಯುತ್ತದೆ.