ಸೂತ್ರವೂ ಉಪಪತ್ತಿಯೂ

ಪ್ರಮೇಯವನ್ನು ಕಲಿಯುವುದೆಂದರೆ ಅದರ ಸೂತ್ರವನ್ನು ಕಂಠಪಾಠ ಮಾಡುವುದೆಂದೇ ಬಹು ಮನೆಗಳಲ್ಲಿ ತಿಳಿದಿರುವರು. ಪರೀಕ್ಷೆ ಸಮೀಪಿಸಿತೆಂದರೆ ಮಕ್ಕಳು ಸಾಧನೆಯನ್ನೂ ಪದ್ಯದಂತೆ ಉರುಹೊಡೆಯುವರು. ಆಕೃತಿಯ ಅಕ್ಷರಗಳನ್ನು ಬದಲಿಸಿ ಕೇಳಿದರೆ ದಿಕ್ಕುಗಾಣದೆ ನಿಲ್ಲುವರು. ‘ಉತ್ತರ ಸರಿ ಬಂದರೆ ಸಾಲದೆ, ಸಾಧನೆಯ ಗೋಜೇಕೆ?’ ಎನ್ನುವ ತಂದೆತಾಯಿಗಳೂ ಉಂಟು. ಈ ಪ್ರಶ್ನೆಗೆ ನಮ್ಮ ಪೂರ್ವಿಕರ ಗಣಿತದಿಂದಲೇ ಒಂದು ಸಮಾಧಾನವನ್ನು ಈ ತಿಂಗಳು ವಾಚಕರ ಮುಂದಿಡುವೆವು.

ಕ್ರಿ. ಶ. 628ರಲ್ಲಿ ಬ್ರಹ್ಮಗುಪ್ತನು ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಚತುರ್ಭುಜದ ಕ್ಷೇತ್ರಫಲಕ್ಕೆ ಸೊಗಸಾದ ಒಂದು ಸೂತ್ರವಿದೆ. ನಾಲ್ಕು ಭುಜಗಳನ್ನೂ ಕೂಡಿಸಿ ಅರ್ಧ ಮಾಡಬೇಕು. ಆ ಅರ್ಧದಿಂದ ಒಂದೊಂದು ಭುಜವನ್ನೂ ಬೇರೆಬೇರೆಯಾಗಿ ಕಳೆಯಬೇಕು. ಉಳಿದ ನಾಲ್ಕು ಶೇಷಗಳನ್ನು ಗುಣಿಸಿ ವರ್ಗಮೂಲವನ್ನು ತೆಗೆದರೆ ಫಲ ದೊರೆಯುವುದು. ಭುಜವೊಂದಕ್ಕೆ 4 ಮೊಳವಿರುವ ಚೌಕವನ್ನು ತೆಗೆದುಕೊಳ್ಳೋಣ. ಭುಜಗಳ ಮೊತ್ತದ ಅರ್ಧ 8, ಶೇಷಗಳು ನಾಲ್ಕೂ 4, ಗುಣಲಬ್ಧ 256, ಅದರ ಮೂಲ 16. ಸೂತ್ರವು ಸರಿಯಾಗಿಯೇ ಇದೆಯಷ್ಟೆ.

ಈಗ ಸಮನಾದ ನಾಲ್ಕು ಬಿದಿರುಕಡ್ಡಿಗಳನ್ನು ತುದಿಗಳಲ್ಲಿ ದಾರದಿಂದ ಸಡಿಲವಾಗಿ ಕಟ್ಟಿ ಚೌಕವೊಂದನ್ನು ಮಾಡಿರಿ. ಅದನ್ನು ಒಂದು ಪಕ್ಕಕ್ಕೆ ಓರೆಯಾಗಿ ಒತ್ತಿರಿ. ಭುಜಗಳು ಕೂದಲೆಳೆಯಷ್ಟೂ ಬದಲಾಗವು. ಒಳಗಿನ ಜಾಗ ಮಾತ್ರ ಕುಗ್ಗುತ್ತಾ ಹೋಗುವುದು. 4 ಮೊಳದ ಭುಜಗಳಿದ್ದು ಎತ್ತರವು 2 ಮೊಳಕ್ಕೆ ಇಳಿದಾಗ ನಿಜವಾದ ಫಲ 8 ಚದರ ಮೊಳ. ಸೂತ್ರವಾದರೋ ಆಗಲೂ 16 ಎಂದೇ ಹೇಳುತ್ತಿರುವುದು!

ಹಾಗಾದರೆ ಬ್ರಹ್ಮಗುಪ್ತನು ತಪ್ಪಿದನೆ? ಇಲ್ಲ. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲಿರುವ ಚತುರ್ಭುಜಕ್ಕೆ ಈ ಸೂತ್ರವು ಸಂಪೂರ್ಣವಾಗಿ ಸತ್ಯ. ಅವನ ಮನಸ್ಸಿನಲ್ಲಿದ್ದುದು ಅಂತಹ ಚತುರ್ಭುಜವೇ ಎಂದು ವಿದ್ವಾಂಸರು ಊಹಿಸುವರು. ಆದರೆ ಸೂತ್ರದಲ್ಲಿ ವೃತ್ತದ ಮಾತಿಲ್ಲ. ನಮ್ಮ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನೂ ಆ ನಿಬಂಧನೆಯನ್ನು ಹೇಳದೆಯೇ ಸೂತ್ರವನ್ನು ಕೊಟ್ಟಿರುವನು. 1150ರಲ್ಲಿ ‘ಲೀಲಾವತಿ’ಯನ್ನು ರಚಿಸಿದ ಭಾಸ್ಕರಾಚಾರ್ಯನು ಈ ತೊಡಕನ್ನು ಕಂಡು, ಸೂತ್ರವು ತ್ರಿಭುಜಕ್ಕೆ ಸ್ಫುಟ, ಚತುರ್ಭುಜಕ್ಕೆ ಅಸ್ಫುಟ ಎಂದನು. ಲಂಬವನ್ನಾಗಲಿ ಕರ್ಣವನ್ನಾಗಲಿ ತಿಳಿಸದೆ ಚತುರ್ಭುಜದ ಫಲವನ್ನು ಕೇಳುವವನು ಪಿಶಾಚಿ, ಉತ್ತರ ಕೊಡುವವನು ಅವನಿಗಿಂತಲೂ ದೊಡ್ಡ ಪಿಶಾಚಿ ಎಂಬ ಅರ್ಥದಲ್ಲಿ ಅವನು ಪರಿಹಾಸ ಮಾಡಿರುವುದೂ ಉಂಟು.

ಸಾಧನೆಯ ಪ್ರಯೋಜನವು ಇಲ್ಲಿಯೇ ತೋರುವುದು. ಕರ್ಣವನ್ನೆಳೆದು ಚತುರ್ಭುಜವನ್ನು ಎರಡು ತ್ರಿಭುಜಗಳಾಗಿ ಸೀಳಿ ಸಾಧಿಸುತ್ತಾ ಹೋದರೆ, ಎದುರು ಕೋನಗಳೆರಡೂ ಸೇರಿ ಎರಡು ಲಂಬಕೋನಗಳಾಗಬೇಕಾದ ಒಂದು ಹಂತ ಬರುವುದು. ವೃತ್ತಸ್ಥ ಚತುರ್ಭುಜದಲ್ಲಿ ಅದು ಸಿದ್ಧ. ಓರೆಯಾಗಿ ಒತ್ತಿದ ಚೌಕದಲ್ಲಿ ಅಸಿದ್ಧ. ಸೂತ್ರವು ಫಲವನ್ನು ಹೇಳುವುದು. ಉಪಪತ್ತಿಯು ಆ ಫಲದ ಎಲ್ಲೆಯನ್ನೂ ಹೇಳುವುದು. ತ್ರಿಭುಜದ ಮೂರು ಮೂಲೆಗಳ ಮೂಲಕ ಯಾವಾಗಲೂ ಒಂದು ವೃತ್ತ ಹಾಯುವುದರಿಂದ ಅಲ್ಲಿ ಈ ಸಂಶಯವೇ ಇಲ್ಲ. ಮೂರು ಕಡ್ಡಿಗಳನ್ನು ಕಟ್ಟಿ ಒತ್ತಿ ನೋಡಿದರೆ ಅದು ಕದಲದು.

ನಮ್ಮವರು ಉಪಪತ್ತಿಯನ್ನು ಕಡೆಗಣಿಸಿದವರಲ್ಲ. ಸೂತ್ರವನ್ನು ನೆನಪಿಗಾಗಿ ಪದ್ಯದಲ್ಲಿ ಅಡಕಗೊಳಿಸಿ, ಯುಕ್ತಿಯನ್ನು ಗುರುಮುಖಕ್ಕೂ ವ್ಯಾಖ್ಯಾನಕ್ಕೂ ಬಿಡುತ್ತಿದ್ದರು. ಗಣೇಶದೈವಜ್ಞನು 1545ರಲ್ಲಿ ಲೀಲಾವತಿಗೆ ‘ಬುದ್ಧಿವಿಲಾಸಿನೀ’ ಎಂಬ ವ್ಯಾಖ್ಯಾನವನ್ನು ಬರೆದು ಉಪಪತ್ತಿಗಳನ್ನು ಕೊಟ್ಟನು. ಅದೇ ಶತಮಾನದಲ್ಲಿ ಕೇರಳದ ಜ್ಯೇಷ್ಠದೇವನು ‘ಯುಕ್ತಿಭಾಷಾ’ ಎಂಬ ಗ್ರಂಥದಲ್ಲಿ, ವೃತ್ತಸ್ಥ ಚತುರ್ಭುಜದ ಈ ಸೂತ್ರವೂ ಸೇರಿದಂತೆ ಅನೇಕ ಪ್ರಮೇಯಗಳ ಸಾಧನೆಯನ್ನು ಮಲಯಾಳದ ಗದ್ಯದಲ್ಲಿಯೇ ವಿವರಿಸಿದನು. ಪದ್ಯವನ್ನು ಇಟ್ಟುಕೊಂಡು ವ್ಯಾಖ್ಯಾನವನ್ನು ಕಳೆದುಕೊಂಡವನ ಕೈಯಲ್ಲಿ ಉಳಿಯುವುದು ಬೀಗವಿಲ್ಲದ ಬೀಗದಕೈ ಮಾತ್ರ.

ಇದು ಪಂಡಿತರಿಗಷ್ಟೇ ಸಂಬಂಧಿಸಿದ ಮಾತಲ್ಲ. 30 ಅಡಿ, 40 ಅಡಿಯ ನಿವೇಶನವೊಂದನ್ನು ಕೊಳ್ಳುವಾಗ ನಾಲ್ಕು ಭುಜಗಳೂ ಪತ್ರದಲ್ಲಿದ್ದಂತೆ ಅಳತೆಗೆ ಸರಿಹೋದರೂ ಮೂಲೆಗಳು ಓರೆಯಾಗಿರಬಹುದು. 40 ಅಡಿಯ ಎರಡು ಭುಜಗಳ ನಡುವಣ ನೇರ ದೂರವು 28 ಅಡಿಯಾದರೆ 1200 ಚದರಡಿಗೆ ಬದಲಾಗಿ 1120 ಮಾತ್ರ ಕೈಸೇರುವುದು. ಒಂದು ಸಣ್ಣ ಕೋಣೆಯಷ್ಟು ನೆಲ ಹೋಯಿತು. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ನೋಡಿರಿ: 50 ಅಡಿ ಬಂದರೆ ನಿವೇಶನ ಓರೆಯಿಲ್ಲ. ಭೂಮಿಯನ್ನು ತ್ರಿಭುಜಗಳಾಗಿ ಒಡೆದು ಅಳೆಯುವ ಮೋಜಣಿದಾರನ ರೀತಿಗೂ ಇದೇ ಕಾರಣ.

ಆದುದರಿಂದ ಮಕ್ಕಳು ಸೂತ್ರವನ್ನು ಒಪ್ಪಿಸಿದಾಗ ‘ಭಲೆ’ ಎಂದು ಸುಮ್ಮನಾಗಬೇಡಿರಿ. ‘ಇದು ಏಕೆ ನಿಜ? ಎಲ್ಲಿಯವರೆಗೆ ನಿಜ?’ ಎಂದು ಎರಡು ಪ್ರಶ್ನೆಗಳನ್ನು ಕೇಳಿರಿ. ಉತ್ತರವು ನಿಮಗೇ ತಿಳಿಯದಿದ್ದರೂ ಚಿಂತೆಯಿಲ್ಲ. ನಾಲ್ಕು ಕಡ್ಡಿ, ಒಂದಿಷ್ಟು ದಾರ ಮನೆಯಲ್ಲಿ ಇದ್ದೇ ಇರುವುವು. ಕಾರಣವನ್ನು ಕೇಳಿ ಬೆಳೆದ ಮಗುವು ಮುಂದೆ ಪತ್ರವನ್ನೋದುವಾಗಲೂ ಪರರ ಮಾತನ್ನು ಕೇಳುವಾಗಲೂ ಸುಲಭವಾಗಿ ಮೋಸಹೋಗದು.