ನೀಲಿಯಲ್ಲಿ ಕಳೆದುಹೋದ ನೀಲಿ

ನಮ್ಮ ಮನೆಯ ಹಳೆಯ ಮಾರುತಿ 800ಕ್ಕೆ ಈಚೆಗೆ ಒಂದು ಶೃಂಗಾರವಾಯಿತು. ಡಿಪ್ಲೊಮಾ ಓದುತ್ತಿರುವ ಮೊಮ್ಮಗ ರಜೆಗೆ ಬಂದವನು, “ತಾತ, ಈ ಮೀಟರಿನ ದೀಪ ಎಷ್ಟು ಮಂಕು! ನೀಲಿ ಮಾಡಿಬಿಡೋಣ” ಎಂದ. ಬಂಗಾರಪೇಟೆಯ ಅಂಗಡಿಯಿಂದ ಪುಟ್ಟ ಎಲ್‌ಇಡಿ ಬಲ್ಬುಗಳನ್ನು ತಂದ. ಮೊದಲು ಬ್ಯಾಟರಿಯ ಮೈನಸ್ ತಂತಿ ಕಳಚಿದ. ಆಮೇಲೆ ಮೀಟರಿನ ಪೆಟ್ಟಿಗೆ ಬಿಚ್ಚಿ, ಹಿಂದಿನ ಬಲ್ಬುಗಳನ್ನು ತೆಗೆದು ಹೊಸದನ್ನು ಕೂರಿಸಿದ. ಒಂದು ಮಾತ್ರ ಉರಿಯಲಿಲ್ಲ. ಎಲ್‌ಇಡಿಗೆ ಪ್ಲಸ್ಸು, ಮೈನಸ್ಸು ಸರಿಯಾಗಿ ಕೂಡಬೇಕು. ತಿರುಗಿಸಿ ಹಾಕಿದ, ಉರಿಯಿತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

ಮರುದಿನ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಆರತಕ್ಷತೆ. ಊಟ ಮುಗಿಸಿ ರಾತ್ರಿ ಬಂಗಾರಪೇಟೆಗೆ ಒಬ್ಬನೇ ಹೊರಟೆ. ಎದುರಿನಿಂದ ಬರುವವರೆಲ್ಲ ದೀಪ ಮಿಟುಕಿಸುತ್ತಿದ್ದರು. ಗುರುತಿನವರಿರಬೇಕೆಂದು ನಾನು ಕೈಯನ್ನೂ ಎತ್ತಿದೆ! ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿನ ಬೈಕೊಂದು ಟಾರು ಬಿಟ್ಟು ಮಣ್ಣಿಗಿಳಿದು, ತೂರಾಡಿ ನಿಂತಿತು. ಎದೆ ಧಸಕ್ಕೆಂದಿತು. ಇಳಿದು ಓಡಿದೆ. ಟ್ಯಾಂಕಿನ ಮೇಲೆ ನಾಲ್ಕೈದು ವರ್ಷದ ಮಗು ಕುಳಿತಿತ್ತು. ದೇವರ ದಯೆ, ಯಾರಿಗೂ ಏಟಾಗಿರಲಿಲ್ಲ. “ಹೈ ಬೀಮ್ ಹಾಕ್ಕೊಂಡು ಬರ್ತಿದ್ದೀರಲ್ಲ ಸಾರ್, ನನಗೆ ರಸ್ತೆಯೇ ಕಾಣಲಿಲ್ಲ” ಎಂದ ಆ ಯುವಕ. ಕೈಮುಗಿದೆ. ಬೇರೇನು ಮಾಡಲಿ?

ಹೈ ಬೀಮ್ ಇರುವುದು ನನಗೇಕೆ ತಿಳಿಯಲಿಲ್ಲ? ಮಕ್ಕಳೇ, ಮೀಟರಿನಲ್ಲಿ ಪ್ರತಿ ಬಣ್ಣಕ್ಕೂ ಒಂದು ಅರ್ಥವಿದೆ. ಕೆಂಪು ಎಂದರೆ ಅಪಾಯ, ಹಳದಿ ಎಂದರೆ ಗಮನಿಸು, ಹಸಿರು ಎಂದರೆ ಕೆಲಸ ನಡೆಯುತ್ತಿದೆ. ನೀಲಿ ಹೈ ಬೀಮ್‌ನ ಗುರುತು. ಮೀಟರೆಲ್ಲ ನೀಲಿಯಾಗಿ ಬೆಳಗುವಾಗ ಆ ಪುಟ್ಟ ನೀಲಿ ಚುಕ್ಕಿ ಅದರಲ್ಲಿ ಕಳೆದುಹೋಗಿತ್ತು.

ಇನ್ನೊಂದು ಸಂಗತಿ ಕಣ್ಣಿನದು. ಕತ್ತಲಲ್ಲಿ ನಮಗೆ ದಾರಿ ತೋರುವ ದಂಡಕೋಶಗಳು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯೇ ಬೇಕು. ನೀಲಿ ಬೆಳಕು ಅವನ್ನು ಬೇಗ ಕೆಡಿಸುತ್ತದೆ, ಕೆಂಪು ಬೆಳಕು ಅಷ್ಟಾಗಿ ತಟ್ಟುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ಮೀಟರುಗಳಿಗೆ ಕೆಂಪು ದೀಪ ಬಳಸುತ್ತಿದ್ದುದು ಇದಕ್ಕೇ. ನನ್ನಂಥ ಎಪ್ಪತ್ತು ದಾಟಿದವರ ಕಣ್ಣಿನ ಮಸೂರ ಮಬ್ಬಾಗಿರುತ್ತದೆ. ಪ್ರಖರವಾದ ನೀಲಿ ಅದರಲ್ಲಿ ಚದುರಿ, ಅಂಕಿಗಳ ಅಂಚೂ ಕಲಸಿದಂತೆ ಕಾಣುತ್ತದೆ.

ಬೆಳಿಗ್ಗೆ ಪಕ್ಕದ ಮನೆಯ ಹಿರಿಯರಿಗೆ ಇದನ್ನು ಹೇಳಿದೆ. ಅವರು 2001ರಲ್ಲಿ ಗಣಿ ಮುಚ್ಚುವವರೆಗೂ ಚಾಂಪಿಯನ್ ರೀಫ್‌ನಲ್ಲಿ ದುಡಿದವರು. ಆ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅವರೆಂದರು: “ಕೆಳಗೆ ನಮ್ಮ ಟೋಪಿಯಲ್ಲೇ ದೀಪ. ಎದುರಿನವನ ಜತೆ ಮಾತಾಡುವಾಗ ತಲೆಯನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸುತ್ತಿದ್ದೆವು. ಅವನ ಕಣ್ಣಿಗೆ ಬೆಳಕು ಬಿಟ್ಟರೆ ಅವನು ಹೆಜ್ಜೆ ಇಡುವುದೆಲ್ಲಿ?”

ಪಕ್ಕದಲ್ಲಿ ನಿಂತಿದ್ದ ಮೊಮ್ಮಗ ಕೇಳಿಸಿಕೊಂಡ. ನಾನು ಬೈಯಲಿಲ್ಲ, ಹೊರಡುವ ಮೊದಲು ಒಮ್ಮೆ ದೀಪಗಳನ್ನೆಲ್ಲ ಹಾಕಿ ನೋಡದಿದ್ದುದು ನನ್ನದೇ ತಪ್ಪು. ಆ ಸಂಜೆ ಅವನೇ ಹಳೆಯ ಬಲ್ಬುಗಳನ್ನು ಮರಳಿ ಕೂರಿಸಿದ. ನೀಲಿ ಬಲ್ಬುಗಳನ್ನು ಡಬ್ಬಿಯಲ್ಲಿ ಎತ್ತಿಟ್ಟು, “ಗಣೇಶನ ಮಂಟಪಕ್ಕೆ ಆಗುತ್ತೆ ತಾತ” ಎಂದ.

ಮಕ್ಕಳೇ, ಇವತ್ತು ಸಂಜೆ ಒಂದು ಕೆಲಸ ಮಾಡಿ. ನಿಂತಿರುವ ಕಾರಿನಲ್ಲಿ ತಾತನ ಪಕ್ಕ ಕುಳಿತು, “ಹೈ ಬೀಮ್‌ನ ನೀಲಿ ದೀಪ ಎಲ್ಲಿದೆ, ತೋರಿಸಿ” ಎಂದು ಕೇಳಿ. ತಾತ ತಡಕಾಡಿದರೆ ನಗಬೇಡಿ, ಹುಡುಕಲು ನೆರವಾಗಿ.